ಬಾಡಿಗೆಗೊಂದು ಮಹಡಿ

ಬೆಂಗಳೂರಿನ ಯಾವುದಾದರೊಂದು ಹಳೆಯ ಬಡಾವಣೆಯಲ್ಲಿ ಸಂಜೆಯ ಹೊತ್ತು ಎತ್ತರದ ತಾರಸಿಯ ಮೇಲೆ ನಿಂತು ಸುತ್ತಲೂ ಕಣ್ಣು ಹಾಯಿಸಿದವರಿಗೆ ಒಂದು ದೃಶ್ಯ ತಪ್ಪದೆ ಗೋಚರಿಸುತ್ತದೆ. ನೀರಿನ ತೊಟ್ಟಿಗಳು, ಬಟ್ಟೆ ಒಣಹಾಕಿದ ಹಗ್ಗಗಳು, ಹೂವಿನ ಕುಂಡಗಳು. ಇವುಗಳ ನಡುವೆ ಕಂಬಗಳ ತಲೆಯಿಂದ ಒಂದೆರಡು ಅಡಿ ಮೇಲೆದ್ದು ನಿಂತ ಕಬ್ಬಿಣದ ಸರಳುಗಳು. ಮಳೆಗೆ ತುಕ್ಕು ಹಿಡಿದು ಕೆಂಪಾಗಿರುವ ಈ ಸರಳುಗಳನ್ನು ಮನೆ ಕಟ್ಟಿದಾಗ ಕತ್ತರಿಸದೆ ಬಿಟ್ಟದ್ದು ಮರೆವಿನಿಂದಲ್ಲ. ಮುಂದೊಂದು ದಿನ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮೇಲೊಂದು ಮಹಡಿ ಎಬ್ಬಿಸಬೇಕು, ಅದನ್ನು ಬಾಡಿಗೆಗೆ ಕೊಡಬೇಕು, ನಿವೃತ್ತಿಯ ಅನಂತರ ಆ ಹಣದಲ್ಲಿ ಮಕ್ಕಳ ಮುಂದೆ ಕೈಯೊಡ್ಡದೆ ಬಾಳಬೇಕು ಎಂಬ ಆಸೆಯೇ ಅಲ್ಲಿ ಸರಳಾಗಿ ನಿಂತಿದೆ.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಮೂವತ್ತು ನಲವತ್ತು ಅಡಿಯ ನಿವೇಶನ. ಕೆಳಗೆ ಸ್ವಂತ ವಾಸ. ಯಜಮಾನರ ನಿವೃತ್ತಿಗೆ ಇನ್ನು ಕೆಲವೇ ವರ್ಷ. ಭಾನುವಾರದ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ತಾರಸಿಗೆ ಹೋದವರು ಕೆಳಗಿಳಿದು ಬಂದು ಹೆಂಡತಿಗೆ ಹೇಳುತ್ತಾರೆ:

“ಮೇಲೊಂದು ಮನೆ ಕಟ್ಟಿಸಿಬಿಟ್ಟರೆ ತಿಂಗಳಿಗೆ ಇಪ್ಪತ್ತೈದು ಸಾವಿರ ಕೂತಲ್ಲೇ ಬರುತ್ತೆ ಕಣೇ.”

“ಬರಲಿ, ಬೇಡ ಅಂದೋರು ಯಾರು? ಆದರೆ ಬರೋರಿಗೆ ನೀರು ಎಲ್ಲಿಂದ ತರ್ತೀರಿ? ಬೇಸಿಗೇಲಿ ನಮಗೇ ಸಾಲೋಲ್ಲ.”

ಯಜಮಾನರಿಗೆ ಈ ಪ್ರಶ್ನೆ ಅಡ್ಡಮಾತಿನಂತೆ ಕೇಳಿಸಬಹುದು. ವಾಸ್ತವವಾಗಿ, ಬಾಡಿಗೆಗೆಂದು ಮನೆ ಮಾಡಹೊರಟವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಜಾತಿಗೆ ಸೇರಿದ್ದು ಅದು. “ಕೂತಲ್ಲೇ ಬರುತ್ತೆ” ಎಂಬ ಮಾತಿನಷ್ಟು ಗೃಹಸ್ಥರನ್ನು ದಾರಿ ತಪ್ಪಿಸಿದ ಮಾತು ಬೇರೊಂದಿರಲಾರದು. ಬಾಡಿಗೆಯ ಹಣ ಕೂತಲ್ಲಿ ಬರುವುದಿಲ್ಲ. ಅದು ಒಂದು ವ್ಯಾಪಾರ. ಆ ವ್ಯಾಪಾರದ ಸರಕು ಇನ್ನೊಂದು ಸಂಸಾರದ ತಲೆಯ ಮೇಲಿನ ಸೂರು. ಅದರ ಬಂಡವಾಳದಲ್ಲಿ ಒಂದು ಪಾಲು ಆ ಸಂಸಾರದ್ದೇ ಹಣ. ಈ ಎರಡನೆಯ ಸಂಗತಿಯನ್ನು ಮರೆತಲ್ಲಿಯೇ ಹೆಚ್ಚಿನ ಮನೆಮಾಲೀಕರು ಮುಗ್ಗರಿಸಿದ್ದಾರೆ.

ವಠಾರದಿಂದ ಮಹಡಿಗೆ

ಬೆಂಗಳೂರಿಗೆ ಬಾಡಿಗೆ ಮನೆಯ ಬದುಕು ಹೊಸತೇನಲ್ಲ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರಕ್ಕೆ ಅಟ್ಟಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದುವು. ಅನಂತರ ನೌಕರಿ ಅರಸಿ ಬಂದವರಿಗೆಲ್ಲ ಆಸರೆಯಾದದ್ದು ವಠಾರ. ಒಂದೇ ಅಂಗಳ, ಒಂದೇ ನಲ್ಲಿ, ಎದುರುಬದುರು ಸಾಲು ಮನೆಗಳು, ಕೊನೆಯಲ್ಲೊಂದು ಮಾಲೀಕರ ಮನೆ. ಬೆಳಗಿನ ಜಾವ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಬೆಳೆದ ತಲೆಮಾರೇ ಮುಂದೆ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡಿನಿಂದಲೋ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರದಿಂದಲೋ ನಿವೇಶನ ಪಡೆದು ಮನೆ ಕಟ್ಟಿಕೊಂಡಿತು. ತಾವು ಬಾಡಿಗೆಗಿದ್ದವರು ಈಗ ಬಾಡಿಗೆಗೆ ಕೊಡುವವರಾದರು.

ಆ ಕಾಲದ ಮಾಲೀಕರಿಗೆ ಇದ್ದ ಭಯ ಒಂದೇ: ಒಳಗೆ ಬಂದವರು ಹೊರಗೆ ಹೋಗಲಾರರು ಎಂಬುದು. ಅದಕ್ಕೆ ಕಾರಣವೂ ಇತ್ತು. 1951ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯಿದೆ, ಅದರ ಬೆನ್ನಿಗೆ ಬಂದ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಇವುಗಳ ಕಾಲದಲ್ಲಿ ಮನೆ ಖಾಲಿಯಾದರೆ ಮಾಲೀಕ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು. ಕಾಯಿದೆ ಹೇಳಿದ ಕಾರಣಗಳಲ್ಲಿ ಒಂದನ್ನು ಸಿದ್ಧಪಡಿಸದೆ ಬಾಡಿಗೆದಾರನನ್ನು ಬಿಡಿಸುವಂತಿರಲಿಲ್ಲ. ಮಗಳ ಮದುವೆಗೆ ಮೊದಲು ಹೂಡಿದ ದಾವೆ ಮೊಮ್ಮಗನ ಉಪನಯನದ ವೇಳೆಗೂ ಇತ್ಯರ್ಥವಾಗದೆ ಉಳಿದ ಕಥೆಗಳನ್ನು ಹಿರಿಯರು ಇಂದಿಗೂ ಹೇಳುವುದುಂಟು. 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ ಈ ಚಿತ್ರವನ್ನು ಬದಲಾಯಿಸಿತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೀಗೆ ಹೊರಗುಳಿದ ಮನೆಗಳ ವ್ಯವಹಾರ 1882ರಷ್ಟು ಹಳೆಯದಾದ ಸ್ವತ್ತು ವರ್ಗಾವಣೆ ಕಾಯಿದೆಯ ಆಶ್ರಯಕ್ಕೆ ಹೋಯಿತು. ಮಾಲೀಕನಿಗೆ ಮೊದಲಿಗಿಂತ ಸ್ವಾತಂತ್ರ್ಯ ಬಂತು. ಅದರೊಡನೆ, ಕರಾರಿನಲ್ಲಿ ಬರೆದುಕೊಂಡ ಒಂದೊಂದು ಮಾತಿಗೂ ತೂಕ ಬಂತು.

ಹನ್ನೆರಡು ವರ್ಷ ವಾಸವಿದ್ದರೆ ಮನೆ ಬಾಡಿಗೆದಾರನದೇ ಆಗಿಬಿಡುತ್ತದೆ ಎಂಬ ಒಂದು ನಂಬಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ಇದು ತಪ್ಪು ತಿಳಿವಳಿಕೆ. ಮಾಲೀಕನ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟು ವಾಸಿಸುವವನು ಎಷ್ಟು ವರ್ಷವಿದ್ದರೂ ಬಾಡಿಗೆದಾರನೇ. ಬಾಡಿಗೆ ಸಂದದ್ದಕ್ಕೆ ಲಿಖಿತ ಗುರುತು ಇರಬೇಕು, ಅಷ್ಟೆ.

ಕಟ್ಟುವುದೋ, ಕೊಳ್ಳುವುದೋ

ಬಾಡಿಗೆಯ ಆಸೆಯಿಂದ ಹೊರಡುವವರಿಗೆ ಎರಡು ದಾರಿ ಕಾಣಿಸುತ್ತವೆ. ಒಂದು, ಇರುವ ಮನೆಯ ಮೇಲೆ ಮಹಡಿ ಎಬ್ಬಿಸುವುದು. ಇನ್ನೊಂದು, ಊರಿನ ಹೊರವಲಯದಲ್ಲಿ ಸಾಲ ಮಾಡಿ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವುದು. ಹೊಸ ಕಟ್ಟಡದ ಈಜುಕೊಳ, ಹೂದೋಟಗಳ ಬಣ್ಣದ ಚಿತ್ರಗಳನ್ನು ನೋಡಿದಾಗ ಎರಡನೆಯದೇ ಹಿತವೆನಿಸುವುದು ಸಹಜ. ಕಾಗದ ಪೆನ್ಸಿಲು ಹಿಡಿದು ಕೂತಾಗ ಮಾತ್ರ ಬಣ್ಣ ಬೇರೆಯಾಗುತ್ತದೆ.

ಲೆಕ್ಕದ ಅನುಕೂಲಕ್ಕೆ ಒಂದು ಕೋಟಿ ರೂಪಾಯಿಯ ಫ್ಲ್ಯಾಟು, ಅದಕ್ಕೆ 28,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಬಹುದು. ಕೈಯಿಂದ 20 ಲಕ್ಷ ಹಾಕಿ, ಉಳಿದ 80 ಲಕ್ಷವನ್ನು ಶೇಕಡಾ 9ರ ಬಡ್ಡಿಗೆ 20 ವರ್ಷದ ಅವಧಿಗೆ ಸಾಲ ತಂದರೆ ತಿಂಗಳ ಕಂತು ಸುಮಾರು 72,000 ರೂಪಾಯಿ. ಬಾಡಿಗೆ ಬಂದ ಮೇಲೂ ಪ್ರತಿ ತಿಂಗಳು 44,000 ರೂಪಾಯಿಯನ್ನು ಸಂಬಳದಿಂದ ತೆಗೆದು ಕಟ್ಟಬೇಕು. ಕಟ್ಟಡದ ನಿರ್ವಹಣೆಯ ಚಂದಾ, ಕಂದಾಯ, ಖಾಲಿ ಬಿದ್ದ ತಿಂಗಳುಗಳು ಇನ್ನೂ ಈ ಲೆಕ್ಕಕ್ಕೆ ಸೇರಿಲ್ಲ. ಮುದ್ರಾಂಕ ಶುಲ್ಕವೂ ಸೇರಿಲ್ಲ. ಕರ್ನಾಟಕದಲ್ಲಿ ನೋಂದಣಿ ಶುಲ್ಕವೊಂದೇ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿತು. ಸಾಲದ ಬಡ್ಡಿಯನ್ನು ಬಾಡಿಗೆಯ ಆದಾಯದಲ್ಲಿ ಕಳೆಯಲು ಆದಾಯ ತೆರಿಗೆಯ ಹೊಸ ಪದ್ಧತಿ ಅವಕಾಶ ಕೊಡುವುದು ನಿಜ. ಆದರೆ ಬಾಡಿಗೆಯನ್ನು ನುಂಗಿ ಮಿಕ್ಕ ನಷ್ಟವನ್ನು ಸಂಬಳದ ಆದಾಯದ ಎದುರಿಗೆ ತೋರಿಸಿ ತೆರಿಗೆ ಉಳಿಸುವ ಹಳೆಯ ದಾರಿ ಆ ಪದ್ಧತಿಯಲ್ಲಿ ಇಲ್ಲ. ಇಂಥ ಫ್ಲ್ಯಾಟನ್ನು ಕೊಳ್ಳುವವರು ಬೆಲೆ ಏರೀತೆಂಬ ಭರವಸೆಯಿಂದ ಕೊಳ್ಳುತ್ತಾರೆಯೇ ಹೊರತು ಬಾಡಿಗೆಗಾಗಿ ಅಲ್ಲ. ಆ ಭರವಸೆ ತಪ್ಪೇನೂ ಅಲ್ಲ. ಅದನ್ನು ಬಾಡಿಗೆಯ ವರಮಾನವೆಂದು ಕರೆದುಕೊಳ್ಳುವುದು ತಪ್ಪು.

ಮಹಡಿಯ ಲೆಕ್ಕ ಬೇರೆ. ನೆಲದ ಬೆಲೆ ಹಿಂದೆಯೇ ಸಂದಾಯವಾಗಿದೆ. ಕಟ್ಟುವುದಕ್ಕೆ 30 ಲಕ್ಷ ತಗಲಿ, ಬಾಡಿಗೆ 25,000 ಬರುವುದಾದರೆ ವರ್ಷಕ್ಕೆ 3 ಲಕ್ಷವೆಂದು ಯಜಮಾನರು ಹಿಗ್ಗುತ್ತಾರೆ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇರುವುದೆಂದು ಹಿಡಿಯುವುದು ವಿವೇಕ, ಆಗ 2,75,000. ಕಂದಾಯ, ಬಣ್ಣ, ಮೋಟಾರು, ಕೊಳಾಯಿಗಳಿಗೆಂದು 40,000 ತೆಗೆದಿಟ್ಟರೆ ಕೈಗೆ ಉಳಿಯುವುದು 2,35,000. ತಿಂಗಳಿಗೆ ಹತ್ತೊಂಬತ್ತೂವರೆ ಸಾವಿರ. 30 ಲಕ್ಷದಲ್ಲಿ ಅರ್ಧ ಉಳಿತಾಯದ್ದು, ಅರ್ಧ ಶೇಕಡಾ 9ರ ಬಡ್ಡಿಯ 10 ವರ್ಷದ ಸಾಲವಾದರೆ ಕಂತು ತಿಂಗಳಿಗೆ 19,000. ಅಂದರೆ ಮೊದಲ ಹತ್ತು ವರ್ಷ ಬಾಡಿಗೆಯೆಲ್ಲ ಬ್ಯಾಂಕಿಗೆ. ಯಜಮಾನರ ಕೈಗೆ ಉಳಿಯುವುದು ತಿಂಗಳಿಗೆ ಆರುನೂರು ರೂಪಾಯಿಗೂ ಕಡಮೆ. ಕೂತಲ್ಲಿ ಬರುವ ಹಣವೆಂಬುದೇನಾದರೂ ಇದ್ದರೆ ಅದು ಹನ್ನೊಂದನೆಯ ವರ್ಷದಿಂದ. ಬ್ಯಾಂಕುಗಳೂ ಸಾಲಗಾರನ ವಯಸ್ಸು ನೋಡಿಯೇ ಅವಧಿ ಗೊತ್ತುಮಾಡುವುದರಿಂದ, ಈ ಕೆಲಸವನ್ನು ಐವತ್ತೆಂಟರಲ್ಲಿ ಆರಂಭಿಸುವುದಕ್ಕಿಂತ ನಲವತ್ತೆಂಟರಲ್ಲಿ ಆರಂಭಿಸುವುದು ಲೇಸು. ಹಣ ಬಿಡುವ ಸಮಯ ಸಾಮಾನ್ಯವಾಗಿ ಐವತ್ತೆಂಟರಲ್ಲಿಯೇ ಬರುವುದು ಬೇರೆ ಮಾತು.

ಇಷ್ಟಾಗಿಯೂ ಮೊದಲ ಹೆಜ್ಜೆ ಇಡುವವರಿಗೆ ಮಹಡಿಯೇ ಮೇಲು. ಕಣ್ಣೆದುರಿಗಿರುವ ಆಸ್ತಿ; ನಲ್ಲಿ ಸೋರಿದರೆ ಕೆಳಗಿನ ಚಾವಣಿಯೇ ಸುದ್ದಿ ಮುಟ್ಟಿಸುತ್ತದೆ.

ಸರಳಿದೆ, ತಳಪಾಯವಿದೆಯೇ?

ತಾರಸಿಯ ಮೇಲೆ ಸರಳು ನಿಂತಿದೆಯೆಂದ ಮಾತ್ರಕ್ಕೆ ಕೆಳಗೆ ತಳಪಾಯವೂ ಇದೆಯೆಂದು ತಿಳಿಯಲಾಗದು. ಇಪ್ಪತ್ತು ವರ್ಷದ ಹಿಂದೆ ಮೇಸ್ತ್ರಿ “ಇರಲಿ ಬಿಡಿ ಸ್ವಾಮಿ, ಮುಂದಕ್ಕಾಗುತ್ತೆ” ಎಂದು ಬಿಟ್ಟಿದ್ದಿರಬಹುದು. ಕಂಬದ ಆಳವೆಷ್ಟು, ಒಳಗಿನ ಕಬ್ಬಿಣವೆಷ್ಟು, ಮಣ್ಣು ಎಂಥದು ಎಂಬುದನ್ನು ಕಟ್ಟಡದ ಇಂಜಿನಿಯರು ಪರೀಕ್ಷಿಸಿ ಹೇಳಬೇಕು. ಕಂಬಗಳಿಲ್ಲದೆ ಗೋಡೆಗಳೇ ಭಾರ ಹೊತ್ತ ಹಳೆಯ ಮನೆಗಳಲ್ಲಿ, ಮದರಾಸು ತಾರಸಿಯ ಮನೆಗಳಲ್ಲಿ, ಈ ಎಚ್ಚರ ಇಮ್ಮಡಿಯಾಗಿರಬೇಕು. ಬಹುಕಾಲ ಮಳೆಗೆ ಒಡ್ಡಿದ ಸರಳಿನ ತುಕ್ಕನ್ನು ನೋಡದೆ ಹೊಸ ಕಬ್ಬಿಣವನ್ನು ಅದಕ್ಕೆ ಕಟ್ಟಿಬಿಡುವುದು ಮೇಸ್ತ್ರಿಗಳ ಸುಲಭೋಪಾಯ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ಅಲ್ಲಿ ದುಡಿಯುತ್ತಿದ್ದ ಕೂಲಿಗಳು ಸತ್ತರು. ಇಂಜಿನಿಯರಿಗೆ ಕೊಡುವ ಶುಲ್ಕವನ್ನು ದಂಡವೆಂದು ಭಾವಿಸುವವರು ಆ ದಿನವನ್ನು ನೆನೆಯಬಹುದು.

ನಕ್ಷೆಗೆ ಮಂಜೂರಾತಿ ಪಡೆಯದೆ “ಎಲ್ಲರೂ ಕಟ್ಟುತ್ತಾರೆ” ಎಂದು ಕಟ್ಟುವ ಕಾಲವೂ ಮುಗಿಯುತ್ತ ಬಂದಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ತರುವಾಯ, ವಾಸಯೋಗ್ಯವೆಂಬ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ಹೊಸ ವಿದ್ಯುತ್ ಸಂಪರ್ಕ ಸಿಗದೆ ಸಾವಿರಾರು ಮಂದಿ ಪರದಾಡಿದರು. 1,200 ಚದರಡಿವರೆಗಿನ ಸಣ್ಣ ನಿವೇಶನಗಳ ಮನೆಗಳಿಗೆ ರಾಜ್ಯ ಸರಕಾರ 2025ರಲ್ಲಿ ವಿನಾಯಿತಿ ತರಬೇಕಾಯಿತು. ವಿನಾಯಿತಿಯನ್ನು ನೆಚ್ಚಿ ಮನೆ ಕಟ್ಟುವುದಕ್ಕಿಂತ ನಕ್ಷೆಯನ್ನು ನೆಚ್ಚುವುದು ಕ್ಷೇಮ.

ಮಹಡಿಗೆ ಬೇರೆ ಮೀಟರು ಇರಲೇಬೇಕು. ಒಂದೇ ಮೀಟರಿನ ಬಿಲ್ಲನ್ನು ಎರಡು ಸಂಸಾರ ಹಂಚಿಕೊಳ್ಳುವ ಮನೆಯಲ್ಲಿ ಪ್ರತಿ ತಿಂಗಳೂ ಒಂದು ಸಣ್ಣ ಮನಸ್ತಾಪ ತಪ್ಪದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಬಾಡಿಗೆದಾರರಿಗೂ ಉಚಿತ ವಿದ್ಯುತ್ತು ಒದಗಿಸಿದಾಗ, ಪ್ರತ್ಯೇಕ ಮೀಟರಿಲ್ಲದ ಮಹಡಿ ಮನೆಯವರು ಕೈ ಹಿಸುಕಿಕೊಂಡರು.

ಇನ್ನು ಗೃಹಿಣಿಯ ಪ್ರಶ್ನೆ, ನೀರು. ತಲೆಗೆ ದಿನಕ್ಕೆ 135 ಲೀಟರು ಎಂಬುದು ನಗರಗಳ ನೀರು ಪೂರೈಕೆಗೆ ಇಟ್ಟುಕೊಂಡಿರುವ ಮಾನದಂಡ. ಕೆಳಗೆ ನಾಲ್ವರು, ಮೇಲೆ ನಾಲ್ವರು ಎಂದರೆ ದಿನಕ್ಕೆ 1,080 ಲೀಟರು. ಕೊಳವೆಬಾವಿ ಬತ್ತಿ, ನಲ್ಲಿ ನಿಂತಾಗ 12,000 ಲೀಟರಿನ ಒಂದು ಟ್ಯಾಂಕರು ಎರಡೂ ಮನೆಗೆ ಹನ್ನೊಂದು ದಿನ ಬಂದೀತು. ಬೆಂಗಳೂರು ನೀರಿಗಾಗಿ ಬಾಯಾರಿದ 2024ರ ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತ ಅಂಥ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿಯ ದರ ಕಟ್ಟಿತು. ದರ ಕಟ್ಟಬೇಕಾಗಿ ಬಂದದ್ದೇ ಅದಕ್ಕೂ ಮೊದಲು ಜನ ತೆತ್ತ ಬೆಲೆಗೆ ಸಾಕ್ಷಿ. ಸಂಪು ಎಷ್ಟು ದೊಡ್ಡದು, ಟ್ಯಾಂಕರಿನ ಹಣ ಯಾರದು ಎಂಬುದು ಬಾಡಿಗೆದಾರ ಬರುವುದಕ್ಕೆ ಮೊದಲೇ ನಿರ್ಧಾರವಾಗಬೇಕು. ಏಪ್ರಿಲ್ ತಿಂಗಳ ಬೆಳಿಗ್ಗೆ ಆರು ಗಂಟೆಗೆ ಖಾಲಿ ಬಕೆಟ್ಟು ಹಿಡಿದು ಆ ಚರ್ಚೆ ನಡೆಸಿದವರು ಒಳ್ಳೆಯ ಮಾತಿನಲ್ಲಿ ಮುಗಿಸಿದ್ದು ಅಪರೂಪ.

ಮುಂಗಡವೆಂಬ ಸಾಲ

ಮನೆ ಕಟ್ಟುವಾಗ ಅಂದಾಜು ಮೀರದವರಿಲ್ಲ. ಚಾವಣಿ ಬೀಳುವ ಹೊತ್ತಿಗೆ ಉಳಿತಾಯ ಕರಗಿರುತ್ತದೆ. ಗಾರೆ, ನೆಲ, ವಿದ್ಯುತ್ತು, ಕಿಟಕಿ ಬಾಗಿಲುಗಳು ಬಾಕಿ. ಆಗ ಮನೆ ಬಾಗಿಲಿಗೆ ಬರುವವರು ದಲ್ಲಾಳಿಗಳು.

“ಬಾಡಿಗೆ ಯಾಕೆ ಸ್ವಾಮಿ, ಭೋಗ್ಯಕ್ಕೆ ಹಾಕಿ. ಮೂರು ವರ್ಷಕ್ಕೆ ಹದಿನೈದು ಲಕ್ಷ ಒಂದೇ ಏಟಿಗೆ ಕೊಡಿಸ್ತೀನಿ. ಕೆಲಸ ಮುಗಿಸಿಕೊಳ್ಳಿ. ಬಡ್ಡಿಯೂ ಇಲ್ಲ, ಗಿಡ್ಡಿಯೂ ಇಲ್ಲ.”

ಭೋಗ್ಯದ ಪದ್ಧತಿ ಹಳೆಯದು. ಮಾಲೀಕ ದೊಡ್ಡ ಮೊತ್ತ ಪಡೆಯುತ್ತಾನೆ. ಅವಧಿ ಮುಗಿಯುವವರೆಗೆ ಬಾಡಿಗೆ ಕೇಳುವುದಿಲ್ಲ. ಮನೆ ಬಿಡುವಾಗ ಪೂರ್ತಿ ಮೊತ್ತ ಹಿಂದಿರುಗಿಸುತ್ತಾನೆ. ಹಣದ ಬಡ್ಡಿಯೇ ಬಾಡಿಗೆ. ದಲ್ಲಾಳಿ ಬಡ್ಡಿಯಿಲ್ಲವೆಂದದ್ದನ್ನು ಮಾತ್ರ ಸ್ವಲ್ಪ ನಿಧಾನಿಸಿ ನೋಡಬೇಕು. ತಿಂಗಳಿಗೆ 25,000 ಬಾಡಿಗೆ ಬರುವ ಮನೆಯನ್ನು 15 ಲಕ್ಷದ ಭೋಗ್ಯಕ್ಕೆ ಕೊಟ್ಟವನು ವರ್ಷಕ್ಕೆ 3 ಲಕ್ಷದ ಬಾಡಿಗೆಯನ್ನು ಬಿಟ್ಟುಕೊಟ್ಟ. 15 ಲಕ್ಷಕ್ಕೆ 3 ಲಕ್ಷವೆಂದರೆ ಶೇಕಡಾ 20. ಬ್ಯಾಂಕು 9ಕ್ಕೆ ಕೊಡುವ ಸಾಲವನ್ನು 20ಕ್ಕೆ ತಂದಂತಾಯಿತು. ಕಾಣದ ಬಡ್ಡಿ ಕಾಣುವ ಬಡ್ಡಿಗಿಂತ ಹಗುರವೆನಿಸುವುದು ಮನುಷ್ಯ ಸ್ವಭಾವ.

ಇದಕ್ಕಿಂತ ದೊಡ್ಡ ಅಪಾಯ ಮೂರನೆಯ ವರ್ಷದ ಕೊನೆಗೆ ಕಾದಿರುತ್ತದೆ. 15 ಲಕ್ಷ ಆಗಲೇ ಟೈಲ್ಸು, ಕಿಟಕಿ, ಬಾಗಿಲುಗಳಾಗಿ ಗೋಡೆ ಸೇರಿದೆ. ಹಿಂದಿರುಗಿಸಲು ಇನ್ನೊಬ್ಬ ಭೋಗ್ಯದವನನ್ನು ಹುಡುಕಬೇಕು. ಅವನ ಹಣ ತಂದು ಇವನಿಗೆ ಕೊಡಬೇಕು. ಸರಪಳಿ ಹೀಗೆಯೇ ಸಾಗಿದಷ್ಟು ಕಾಲ ಯಾರಿಗೂ ತೊಂದರೆ ತಿಳಿಯುವುದಿಲ್ಲ. 2020ರಲ್ಲಿ ಕೊರೋನಾ ಬಂದು, ತಂತ್ರಾಂಶ ಕಂಪೆನಿಗಳ ನೌಕರರು ಊರುಗಳಿಗೆ ಹಿಂದಿರುಗಿದಾಗ ಅದು ತುಂಡಾಯಿತು. ಬೀದಿಗೆ ನಾಲ್ಕು “ಬಾಡಿಗೆಗಿದೆ” ಫಲಕಗಳು ತೂಗಾಡಿದುವು. ಮನೆ ಬಿಟ್ಟವರು ಮುಂಗಡ ಕೇಳಿದರು; ಮಾಲೀಕರ ಬಳಿ ಮನೆಯಿತ್ತು, ಹಣವಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ನೌಕರರು ಮರಳಿ ಬಂದು ಬಾಡಿಗೆಗಳು ಮೇಲೇರಿದ್ದು ನಿಜ. ಆದರೆ ಆ ನಡುವಣ ತಿಂಗಳುಗಳಲ್ಲಿ ಮುಂಗಡ ತೀರಿಸಲು ಒಡವೆ ಒತ್ತೆಯಿಟ್ಟ ಮನೆಗಳಲ್ಲಿ ಆ ಲೆಕ್ಕ ಇನ್ನೂ ನೆನಪಿದೆ.

ಭೋಗ್ಯ ಕೊಟ್ಟವರ ಕಡೆಯಿಂದಲೂ ಈ ವ್ಯವಹಾರವನ್ನು ನೋಡಬೇಕು. ಆ 15 ಲಕ್ಷ ಅವರಿಗೆ ಸುಮ್ಮನೆ ಬಂದದ್ದಲ್ಲ. ಊರಿನ ಜಮೀನಿನ ಪಾಲಿರಬಹುದು, ಹೆಂಡತಿಯ ಒಡವೆಯಿರಬಹುದು, ಮಗಳ ಮದುವೆಗೆ ಇಟ್ಟದ್ದಿರಬಹುದು. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು, ಮಾಲೀಕ ಕಂತು ತಪ್ಪಿಸಿದರೆ, 2002ರ ಕೇಂದ್ರ ಕಾಯಿದೆಯೊಂದರ ಮೇರೆಗೆ ಬ್ಯಾಂಕು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಕ್ರಮ ಕೈಗೊಳ್ಳಬಲ್ಲದು. ಬಾಗಿಲಿಗೆ ನೋಟೀಸು ಅಂಟಿಸಿದ ದಿನವೇ ಸಾಲದ ಸಂಗತಿ ತಿಳಿದ ಭೋಗ್ಯದಾರರಿದ್ದಾರೆ. ಅವರ ಕೈಯಲ್ಲಿರುವುದು ನೋಂದಣಿಯಾಗದ ಒಂದು ಛಾಪಾ ಕಾಗದ. ಸಾಲದ ಮನೆಯನ್ನು ಭೋಗ್ಯಕ್ಕೆ ಕೊಡುವ ಮಾಲೀಕ ಬ್ಯಾಂಕಿನ ಒಪ್ಪಿಗೆ ಪಡೆಯದೆ, ಬಂದವರಿಗೆ ಸಾಲದ ವಿಷಯ ಹೇಳದೆ ಹಣ ಎಣಿಸಿಕೊಂಡರೆ ಅದನ್ನು ಮರೆವು ಎನ್ನಲಾಗದು.

ಬಾಡಿಗೆಯ ಮುಂಗಡವೂ ಇದೇ ಜಾತಿಯದು. ಗಾತ್ರ ಚಿಕ್ಕದು, ಅಷ್ಟೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬಹುಕಾಲದ ರೂಢಿ. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದಿತು. ಮಾದರಿ ಕಾಯಿದೆ ರಾಜ್ಯಗಳಿಗೆ ಕೊಟ್ಟ ಸಲಹೆಯಾದ್ದರಿಂದ ರೂಢಿಯೇನೂ ರಾತ್ರೋರಾತ್ರಿ ಬದಲಾಗಲಿಲ್ಲ. ಐದೋ ಹತ್ತೋ, ಎಷ್ಟೇ ತಿಂಗಳದಾಗಲಿ, ಆ ಹಣ ವರಮಾನವಲ್ಲ, ಸಾಲ. ಅದನ್ನು ಹಬ್ಬದ ಖರ್ಚಿಗೆ, ಮಗನ ಬೈಕಿಗೆ, ಹೊಸ ಸೋಫಾಕ್ಕೆ ಸೇರಿಸಿದವರು ಬಾಡಿಗೆದಾರನ ಹಣದಲ್ಲಿ ಕೂತಿದ್ದಾರೆಂದೇ ಅರ್ಥ. 25,000 ಬಾಡಿಗೆಯ ಮನೆಯ ಹತ್ತು ತಿಂಗಳ ಮುಂಗಡ ಎರಡೂವರೆ ಲಕ್ಷ. ಅದನ್ನು ಬೇರೆ ಖಾತೆಯಲ್ಲಿ ಠೇವಣಿಯಿಟ್ಟು ಮುಟ್ಟದಿದ್ದರೆ ಶೇಕಡಾ 7ರ ಬಡ್ಡಿಗೆ ವರ್ಷಕ್ಕೆ 17,500 ರೂಪಾಯಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿಸುವ ಖರ್ಚಿಗೆ ಅದು ನೆರವಾಗುತ್ತದೆ. ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಹೋಗುವವರ ಮನಸ್ಸು ನೋಯಿಸುವ ರೂಢಿಯನ್ನೂ ಆಗ ಬಿಡಬಹುದು. ಹಣವನ್ನು ನಗದಾಗಿ ಪಡೆಯುವುದಂತೂ ಸಲ್ಲದು. 20,000 ರೂಪಾಯಿ ಅಥವಾ ಅದಕ್ಕೆ ಮೀರಿದ ಠೇವಣಿಯನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ. ದಂಡ ಪಡೆದ ಮೊತ್ತದಷ್ಟೇ ಆಗಬಹುದು.

ಕರಾರು, ಕಂದಾಯ, ನೆರೆಹೊರೆ

ಬಾಡಿಗೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ಏಕೆಂದು ಅನೇಕರಿಗೆ ಕುತೂಹಲ. ಒಂದು ವರ್ಷಕ್ಕೆ ಮೀರಿದ ಗೇಣಿಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ಖರ್ಚು ತಪ್ಪಿಸಲು ಹನ್ನೊಂದು. ಕರಾರಿನಲ್ಲಿ ಬಾಡಿಗೆ, ಮುಂಗಡ, ಅವಧಿ, ವರ್ಷಕ್ಕೆಷ್ಟು ಏರಿಕೆ, ಬಿಡುವಾಗ ಎಷ್ಟು ದಿನದ ಸೂಚನೆ, ನೀರಿನ ಖರ್ಚು ಯಾರದು, ಯಾವ ದುರಸ್ತಿ ಯಾರದು ಎಂಬುದೆಲ್ಲ ಸ್ಪಷ್ಟವಾಗಿರಬೇಕು. ಅಂಗಡಿಯಲ್ಲಿ ಸಿಗುವ ಅಚ್ಚಿನ ನಮೂನೆಗೆ ಹೆಸರು ತುಂಬಿ ರುಜು ಹಾಕುವುದು ಸುಲಭ. ಕೊನೆಗೆ ವಕೀಲರ ಮನೆಗೆ ಅಲೆಯುವವರಲ್ಲಿ ಹಾಗೆ ರುಜು ಹಾಕಿದವರೇ ಹೆಚ್ಚು. ಬಾಡಿಗೆ ತಡವಾಯಿತೆಂದು ನೀರು ನಿಲ್ಲಿಸುವುದು, ಬೀಗ ಜಡಿಯುವುದು ಇತ್ಯಾದಿ ಶೌರ್ಯಗಳನ್ನು ಕಾನೂನು ಒಪ್ಪುವುದಿಲ್ಲ.

ತೆರಿಗೆಯ ವಿಷಯ ಚಿಕ್ಕದು. ಬಂದ ಬಾಡಿಗೆಯಲ್ಲಿ ಪಾವತಿ ಮಾಡಿದ ಮನೆ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ಶೇಕಡಾ 30ನ್ನು ದುರಸ್ತಿಗೆಂದು ರಸೀದಿ ಕೇಳದೆಯೇ ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಾಡಿಗೆ ಮನೆಗೆ ಕಂದಾಯದ ದರ ಸ್ವಂತ ವಾಸದ ಮನೆಗಿಂತ ಹೆಚ್ಚು. ಅದನ್ನು ಉಳಿಸಲು ಮಹಡಿಯಲ್ಲಿಯೂ ತಾವೇ ಇದ್ದೇವೆಂದು ಬರೆದುಕೊಡುವವರು, ಬಾಡಿಗೆದಾರ ತನ್ನ ಕಚೇರಿಗೆ ಬಾಡಿಗೆಯ ರಸೀದಿ ಸಲ್ಲಿಸುತ್ತಾನೆಂಬುದನ್ನು ಮರೆತಿರುತ್ತಾರೆ.

ಯಾರಿಗೆ ಕೊಡಬೇಕೆಂಬುದರ ಬಗೆಗೆ ಮನೆಮನೆಯಲ್ಲಿಯೂ ಒಂದು ಶಾಸ್ತ್ರವಿದೆ. ಮದುವೆಯಾಗದವರು ಬೇಡ, ಮಾಂಸಾಹಾರಿಗಳು ಬೇಡ, ಆ ಜಾತಿ ಬೇಡ, ಈ ಮತ ಬೇಡ, ಚಿಕ್ಕ ಮಕ್ಕಳು ಗೋಡೆಗೆ ಗೀಚುತ್ತಾರೆ, ವಯಸ್ಸಾದವರು ಮಹಡಿ ಹತ್ತಲಾರರು. ಕೊನೆಗೆ ಉಳಿಯುವವರು ಯಾರು? ಅಡುಗೆಮನೆಗೆ ಇಣುಕಿ ನೋಡಿ ಬಾಡಿಗೆದಾರನನ್ನು ಆರಿಸುವ ಈ ಪದ್ಧತಿ ಅನ್ಯಾಯವೆಂಬುದು ಹಾಗಿರಲಿ, ದುಬಾರಿಯೂ ಹೌದು. ಒಂದು ತಿಂಗಳು ಮನೆ ಖಾಲಿ ಇದ್ದರೆ ವರ್ಷದ ಬಾಡಿಗೆಯಲ್ಲಿ ಹನ್ನೆರಡನೆಯ ಒಂದು ಪಾಲು ಹೋಯಿತು. ಕೆಲಸ ಎಲ್ಲಿ, ಹಿಂದಿನ ಮನೆ ಏಕೆ ಬಿಟ್ಟರು, ಆ ಮಾಲೀಕರು ಏನನ್ನುತ್ತಾರೆ ಎಂಬ ಮೂರು ಮಾತು ವಿಚಾರಿಸಿದವರು, ಜಾತಕ ನೋಡುವಂತೆ ವಿಚಾರಿಸಿದವರಿಗಿಂತ ಕಡಮೆ ಮೋಸಹೋಗಿದ್ದಾರೆ. ಒಳ್ಳೆಯ ಬಾಡಿಗೆದಾರನೊಬ್ಬ ಸಿಕ್ಕಿದರೆ, ಬೀದಿಯ ದರಕ್ಕಿಂತ ಸಾವಿರ ರೂಪಾಯಿ ಕಡಮೆಗೆ ಇಟ್ಟುಕೊಂಡರೂ ನಷ್ಟವಿಲ್ಲ. ಅವನು ಹೋದರೆ ಒಂದು ತಿಂಗಳ ಖಾಲಿ, ದಲ್ಲಾಳಿಯ ಪಾಲು, ಬಣ್ಣ ಎಲ್ಲ ಸೇರಿ ಆ ಸಾವಿರಗಳು ಎರಡು ಮೂರು ವರ್ಷಕ್ಕೆ ಸಮವಾಗುತ್ತವೆ.

ಬಿಡುವ ದಿನ

ಬಾಡಿಗೆದಾರ ಬರುವ ದಿನ ಎಲ್ಲರ ಮುಖದಲ್ಲಿಯೂ ನಗೆಯಿರುತ್ತದೆ. ಹಾಲುಕ್ಕಿಸಿದ ಮನೆಯಿಂದ ಕೆಳಗೆ ಸಿಹಿ ಬರುತ್ತದೆ. ಮಾಲೀಕನ ನಿಜವಾದ ಪರೀಕ್ಷೆ ಅವರು ಬಿಡುವ ದಿನ. ಬಂದ ದಿನವೇ ಗೋಡೆ, ನಲ್ಲಿ, ಸ್ವಿಚ್ಚು, ಬಾಗಿಲುಗಳ ಪಟ್ಟಿ ಮಾಡಿ, ಚಿತ್ರ ತೆಗೆದು, ಎರಡೂ ಕಡೆಯವರು ರುಜು ಹಾಕಿದ್ದರೆ ಬಿಡುವ ದಿನ ವಾದಕ್ಕೆ ಎಡೆಯಿಲ್ಲ. ಹೋಗುವವರಿಗೆ ಅದೇ ದಿನ ಹೊಸ ಮನೆಗೆ ಮುಂಗಡ ಕೊಡಬೇಕಾಗಿರುತ್ತದೆ. ಲಾರಿ ಬಾಗಿಲಲ್ಲಿ ನಿಂತಿರುವಾಗ “ಹೊಸಬರು ಬಂದ ಮೇಲೆ ಕೊಡ್ತೀನಿ” ಎಂದು ಹೇಳಿಸಿಕೊಂಡವರು ಆ ಮನೆಯ ಹೆಸರನ್ನು ಬಹುಕಾಲ ಮರೆಯುವುದಿಲ್ಲ. ನಾಲ್ಕು ಮಂದಿಗೆ ಹೇಳದೆಯೂ ಇರುವುದಿಲ್ಲ.

ಭಾನುವಾರದ ಕಾಫಿಯ ಆ ಮನೆಯಲ್ಲಿ ಮಹಡಿ ಎದ್ದಿತೆಂದೇ ಭಾವಿಸೋಣ. ಸಂಪು ದೊಡ್ಡದಾಯಿತು, ಮೀಟರು ಬೇರೆಯಾಯಿತು, ಮೊದಲ ಬಾಡಿಗೆದಾರರು ಮೂರು ವರ್ಷವಿದ್ದು ಈಗ ಹೊರಟಿದ್ದಾರೆ. ಠೇವಣಿಯ ಹಣವನ್ನು ಹಿಂದಿನ ವಾರವೇ ಬಿಡಿಸಿ ಉಳಿತಾಯ ಖಾತೆಗೆ ಹಾಕಿಸಿದವರು ಗೃಹಿಣಿ. ಬೀಗದ ಕೈ ಕೈಗೆ ಬಂದೊಡನೆ ಯಜಮಾನರು ಮೊಬೈಲಿನಲ್ಲಿ ಎರಡೂವರೆ ಲಕ್ಷವನ್ನು ದಾಟಿಸುತ್ತಾರೆ. ಹೋಗುವವರು ನೋಡಿಕೊಂಡು ತಲೆಯಾಡಿಸುತ್ತಾರೆ. ಲಾರಿ ತಿರುವು ದಾಟಿದ ಮೇಲೆ ದಂಪತಿಗಳು ಖಾಲಿ ಮಹಡಿಯೊಳಗೆ ಒಂದು ಸುತ್ತು ಬರುತ್ತಾರೆ.

“ಅಡುಗೆಮನೆ ನಲ್ಲಿ ವಾಷರ್ ಹೋಗಿದೆ ನೋಡಿ. ಬಣ್ಣದವನು ನಾಳೆ ಬರ್ತಾನೆ. ಬೋರ್ಡು ಇವತ್ತೇ ಹಾಕಿಬಿಡಿ.”